ಇಲಿಗ್ಯಾರು ಕೀಲಿ ಕೊಟ್ಟಾರ

ನಾರಾಯಣಖೇಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೂ ನನ್ನ ತಮ್ಮನದೂ ಸೇರಿ ಒಂದು ಮೊಬೈಲ್ ರಿಪೇರಿ ಅಂಗಡಿ ಇತ್ತು. ದೊಡ್ಡದೇನಲ್ಲ; ಇಬ್ಬರು ಗಿರಾಕಿಗಳು ಒಳಗೆ ನಿಂತರೆ ಮೂರನೆಯವರು ಓಣಿಯಲ್ಲೇ ನಿಲ್ಲಬೇಕು. ಆದರೆ ಅದಕ್ಕೆ ಬೀಗ ಮೂರು. ಶಟರಿನ ಎರಡು ಬದಿಗೆ ಒಂದೊಂದು, ನಡುವೆ ದಪ್ಪನೆಯದೊಂದು. ಸಂಜೆ ತಮ್ಮ ಮೂರನ್ನೂ ಹಾಕಿ ಒಂದೊಂದನ್ನೂ ಮೂರು ಸಲ ಜಗ್ಗಿ ನೋಡುತ್ತಿದ್ದ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತಿದ್ದೆ. ಎದುರಿನ ಚಹಾದಂಗಡಿಯವರು ನೋಡಿ ನಗುತ್ತಿದ್ದರು. ನಗಲಿ ಬಿಡಿ, ಒಳಗಿದ್ದ ಫೋನುಗಳು ನಮ್ಮವಲ್ಲ, ಮಂದಿಯವು.

ತಮ್ಮ ಬೆಸುಗೆ ಹಾಕುವವನು, ನಾನು ಗಿರಾಕಿಗಳನ್ನು ನೋಡಿಕೊಳ್ಳುವವಳು. ಗಲ್ಲೆಯಲ್ಲಿ ಹೆಂಗಸು ಕೂತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಕಂಗ್ಟಿ, ನಾಗಲಗಿದ್ದದ ಕಡೆಯ ಹೆಣ್ಣುಮಕ್ಕಳು ಬೇರೆ ಅಂಗಡಿಗಳನ್ನು ದಾಟಿ ನಮ್ಮಲ್ಲಿಗೆ ಬರುತ್ತಿದ್ದರು. ಅವರಲ್ಲಿ ಓದಲು ಬಾರದವರೇ ಹೆಚ್ಚು. ಚೀಟಿ ಬರೆದು ಕೊಟ್ಟರೆ ಏನು ಪ್ರಯೋಜನ? ಹಾಗಾಗಿ ನಾನೊಂದು ಉಪಾಯ ಮಾಡಿದ್ದೆ. ಹಳೆಯ ಕ್ಯಾಲೆಂಡರಿನ ಒಂದು ತುಂಡನ್ನು ಗಿರಾಕಿಯ ಕೈಯಿಂದಲೇ ಅಡ್ಡಾದಿಡ್ಡಿ ಹರಿಸುವುದು. ಅರ್ಧ ಅವರಿಗೆ, ಅರ್ಧ ರಬ್ಬರು ಹಾಕಿ ಫೋನಿಗೆ. ಮರಳಿ ಬಂದಾಗ ಎರಡರ ಹರಿದ ಅಂಚು ಕೂಡಬೇಕು. ಒಮ್ಮೆ ಒಬ್ಬ ಗಂಡ ಹೆಂಡತಿಯ ಫೋನು ಬಿಡಿಸಿಕೊಳ್ಳಲು ಖಾಲಿ ಕೈಯಲ್ಲಿ ಬಂದು ಅರ್ಧ ಗಂಟೆ ಕೂಗಾಡಿದ. ಕೊಡಲಿಲ್ಲ. ಆ ಸುದ್ದಿ ಊರೂರಿಗೆ ಹಬ್ಬಿ ನಮ್ಮ ಹೆಸರು ಇನ್ನಷ್ಟು ಗಟ್ಟಿಯಾಯಿತು.

ಅದು ಪ್ರತ್ಯೇಕ ರಾಜ್ಯದ ಚಳವಳಿಯ ಕಾಲ. ವಾರಕ್ಕೊಂದು ಬಂದ್, ಮೆರವಣಿಗೆ. ಹಿಂದಿನ ದಿನವೇ ಸುದ್ದಿ ತಿಳಿದರೆ ಅಂಗಡಿಯ ಫೋನುಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಒಯ್ದು ಜೋಳದ ಡಬ್ಬಿಯಲ್ಲಿ ಹೂಳುತ್ತಿದ್ದೆವು. ಕಲ್ಲು ಬಿದ್ದರೆ ಶಟರಿಗೆ ಬೀಳಲಿ, ಮಂದಿಯ ಮಾಲು ಉಳಿಯಲಿ ಎಂಬ ಲೆಕ್ಕ. ಒಂದು ಬೆಳಿಗ್ಗೆ ರೊಟ್ಟಿಗೆ ಹಿಟ್ಟು ಮಾಡಿಸಲು ಜೋಳ ತೋಡುತ್ತಿದ್ದಾಗ ಡಬ್ಬಿಯೊಳಗಿಂದ ಕೋಳಿ ಕೂಗಿ ನಮ್ಮವ್ವ ಮೊರ ಬಿಟ್ಟು ಹೊರಗೆ ಓಡಿದ್ದಳು. ಯಾರದೋ ಫೋನಿನ ಅಲಾರಂ ಅದು.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಕಂಪ್ಯೂಟರಿನ ಸ್ಥಿತಿ ಕೇಳಬೇಡಿ. ಅದರ ಪಾಸ್‌ವರ್ಡ್ ಒಂದರಿಂದ ಎಂಟರವರೆಗಿನ ಅಂಕಿಗಳು. ಅದೂ ಮರೆತುಹೋದೀತೆಂದು ಬರೆದು ಪರದೆಯ ಅಂಚಿಗೆ ಅಂಟಿಸಿದ್ದೆವು. ವೈರಸ್ ತಡೆಯುವ ಸಾಫ್ಟ್‌ವೇರಿನ ಅವಧಿ ಮುಗಿದಿದೆ ಎಂದು ಅದು ದಿನಾ ಬೆಳಿಗ್ಗೆ ಮೊರೆಯಿಡುತ್ತಿತ್ತು. ನಾನು ದಿನಾ ಬೆಳಿಗ್ಗೆ ಅದರ ಬಾಯಿ ಮುಚ್ಚಿಸುತ್ತಿದ್ದೆ. ಅದೇ ಕಂಪ್ಯೂಟರಿನಿಂದ ಮಂದಿಯ ಅರ್ಜಿ ತುಂಬುವುದು, ರೀಚಾರ್ಜ್ ಮಾಡುವುದು, ಮೆಮೊರಿ ಕಾರ್ಡಿಗೆ ಹಾಡು ತುಂಬುವುದು. ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಕಬ್ಬಿಣದ ಬೀಗ ಕಣ್ಣಿಗೆ ಕಾಣುತ್ತದೆ, ಕೈಗೆ ತಣ್ಣಗೆ ಹತ್ತುತ್ತದೆ. ಇದಕ್ಕೂ ಬೀಗ ಉಂಟೆಂದು ನಮಗೆ ಹೊಳೆದಿರಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ಹಿಂದೆ ಒಬ್ಬರ ಮದುವೆಯ ಫೋಟೋಗಳೆಲ್ಲ ನಮ್ಮ ಕೈಯಲ್ಲಿ ಅಳಿಸಿಹೋಗಿ ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ರಿಪೇರಿಗೆ ಬಂದ ಫೋನಿನ ಕಾರ್ಡನ್ನು ಮೊದಲು ಪೂರ್ತಿ ಕಂಪ್ಯೂಟರಿಗೆ ಇಳಿಸಿಕೊಂಡೇ ಸ್ಕ್ರೂ ಬಿಚ್ಚುವುದೆಂದು ಮಾಡಿಕೊಂಡೆವು. ಇಳಿಸುವ ಕೆಲಸ ನನ್ನದು. ಈಗ ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ಮುಚ್ಚಿದ ಡಬ್ಬಿ ಕಂಡರೆ ಮುಚ್ಚಳ ತೆಗೆದು ಮೂಸಿ ನೋಡದೆ ಇರಲಾಗದವಳು ನಾನು. ಮಂದಿಯ ಫೋಟೋ ನೋಡುತ್ತಿದ್ದೆನೆಂದು ತಿಳಿಯಬೇಡಿ, ಅಷ್ಟು ಕೆಟ್ಟವಳಲ್ಲ. ಆದರೆ ಯಾರು ಯಾವ ಹಾಡು ಕೇಳುತ್ತಾರೆ ಎಂಬ ಕುತೂಹಲ ಮಾತ್ರ ತಡೆಯಲಾಗುತ್ತಿರಲಿಲ್ಲ. ಬಿಗಿ ಮೀಸೆಯ ಹವಾಲ್ದಾರನ ಫೋನಿನಲ್ಲಿ ಬರೀ ಜೋಗುಳ ಇದ್ದದ್ದು ನನಗೊಬ್ಬಳಿಗೇ ಗೊತ್ತು.

ಆ ವರ್ಷದ ಮುಂಗಾರಿನಲ್ಲಿ ಕಂಗ್ಟಿಯ ಕಡೆಯ ಹಳ್ಳಿಯಿಂದ ಒಬ್ಬ ಸೊಸೆ ಬಂದಳು. ಕುರಿ ಸಾಕುವ ಮನೆಯವಳು, ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಬಗಲಲ್ಲಿ ಆರೇಳು ತಿಂಗಳ ಹೆಣ್ಣುಕೂಸು. ಅವಳ ಫೋನಿನ ಸ್ಪೀಕರ್ ಸತ್ತಿತ್ತು.

"ಆವಾಜಽ ಬರವಲ್ದು ನೋಡ್ರಿ ಅಕ್ಕಾ," ಅಂದಳು. "ಇದರಾಗ ನಂದೊಂದು ರೆಕಾರ್ಡ್ ಮಾಡಿದ್ದು ಅದರಿ. ಅದೊಂದು ಹೋಗಬಾರದು."

"ಏನೂ ಹೋಗಲ್ಲವ್ವಾ, ಪೂರಾ ಕಂಪ್ಯೂಟರಿಗಿ ಇಳಿಸಿಕೊಂಡೇ ಬಿಚ್ಚತೀವಿ, ಬೇಫಿಕರ್ ಇರು," ಅಂದೆ. ಕ್ಯಾಲೆಂಡರಿನ ತುಂಡನ್ನು ಅವಳೇ ಹರಿದು ಅರ್ಧವನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು.

"ನಂದೊಂದು" ಅಂದಳಲ್ಲ, ಅದೇ ನನ್ನನ್ನು ಕುಟುಕಿತು. ಕಾರ್ಡು ಇಳಿಸಿಕೊಂಡು, ತಮ್ಮ ಚಹಾ ಕುಡಿಯಲು ಹೋದ ಹೊತ್ತಿನಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದೆ. ಹಾಡು. ಅವಳದೇ ದನಿ. ಯಾವ ವಾದ್ಯವೂ ಇಲ್ಲ, ಹಿಂದೆಲ್ಲೋ ಕುರಿಗಳ ಸದ್ದು.

ಕಣಜಕ್ಕ ಕೀಲಿ ಜಡದು ಟೊಂಕಕ್ಕ ಕಟ್ಟ್ಯಾಳ
ನಿದ್ದ್ಯಾಗೂ ತಡವಿ ನೋಡ್ಯಾಳ, ನಮ್ಮತ್ತಿ
ಇಲಿಗ್ಯಾರು ಕೀಲಿ ಕೊಟ್ಟಾರ

ಹೀಗೆ ಎಂಟೋ ಹತ್ತೋ ನುಡಿ. ಅತ್ತೆ ಟೊಂಕದ ಕೀಲಿಯನ್ನು ಸ್ನಾನಕ್ಕೂ ಬಿಚ್ಚುವುದಿಲ್ಲ, ಜೋಳ ಅಳೆದು ಕೊಟ್ಟು ಹಿಟ್ಟನ್ನೂ ಅಳೆದು ತೆಗೆದುಕೊಳ್ಳುತ್ತಾಳೆ, ರೊಟ್ಟಿ ಎಣಿಸಿ ಮಲಗುತ್ತಾಳೆ, ಆದರೂ ಕಣಜದ ಬುಡದಲ್ಲಿ ಇಲಿಗಳು ಮದುವೆ ಮಾಡುತ್ತಿವೆ. ಎಲ್ಲವನ್ನೂ ಕೂಸಿಗೆ ಹೇಳುತ್ತಿದ್ದಾಳೆ, ಜೋಗುಳದ ಧಾಟಿಯಲ್ಲಿ, ನಗು ತಡೆದುಕೊಂಡು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಮತ್ತೆ ಮತ್ತೆ ಕೇಳಿದೆ. ನಮ್ಮ ಮಾತಿನಲ್ಲಿ, ನಮ್ಮ ಹೆಣ್ಣುಮಕ್ಕಳು ಒಲೆಯ ಮುಂದೆ ಗೊಣಗುವ ಮಾತಿನಲ್ಲಿ, ಅಂಥ ಹಾಡನ್ನು ನಾನು ಯಾವ ಕಾರ್ಡಿನಲ್ಲೂ ಕೇಳಿರಲಿಲ್ಲ.

ಮರುದಿನ ಅವಳ ಫೋನು ಸರಿಯಾಗಿ ಮರಳಿ ಹೋಯಿತು. ಹಾಡು ನನ್ನ ಹತ್ತಿರ ಉಳಿಯಿತು. ಮಂದಿಗೆ ತುಂಬಿ ಕೊಡುವ ಹಾಡುಗಳ ಫೋಲ್ಡರಿಗೆ ಅದನ್ನು ನಾನೇ ಹಾಕಿದೆ. ವೈರಸ್ಸಲ್ಲ, ಕಳ್ಳನಲ್ಲ, ಮೂರು ಬೀಗದ ಕೀಲಿ ಸೊಂಟದಲ್ಲಿಟ್ಟುಕೊಂಡಿದ್ದ ನಾನು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆಗ ಹಾಗನ್ನಿಸಲಿಲ್ಲ ಎಂಬುದೂ ನಿಜ. ಯಾರ ಹಾಡೆಂದು ಹೆಸರಿಲ್ಲ, ಕೇಳಿದವರು ಖುಷಿಪಡುತ್ತಾರೆ, ಅವಳ ಗಂಟೇನು ಹೋಗುತ್ತದೆ ಎಂದುಕೊಂಡೆ.

ಕೆಲವು ವಾರಗಳಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಮೇಷ್ಟ್ರುಗಳು, ಗುಮಾಸ್ತರು, ಬಸ್ಸಿನವರು ಎಲ್ಲರೂ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಬಸ್ಸಿಲ್ಲದ ಕಾರಣ ಜೀಪು, ಆಟೋಗಳದೇ ರಾಜ್ಯ. ಜೀಪು ಎಂದ ಮೇಲೆ ಹಾಡು ಬೇಕು. ಚಳವಳಿಯ ತೆಲುಗು ಹಾಡುಗಳನ್ನು ತುಂಬಿಸಿಕೊಳ್ಳಲು ಚಾಲಕರು ಸಾಲುಗಟ್ಟಿ ನಿಲ್ಲುತ್ತಿದ್ದರು. ಕಾರ್ಡಿನಲ್ಲಿ ಜಾಗ ಉಳಿದರೆ "ಇನ್ನೇನರ ಹಾಕ್ರಿ ಅಕ್ಕಾ" ಅನ್ನುತ್ತಿದ್ದರು. ಆ "ಇನ್ನೇನರ"ದಲ್ಲಿ ಇಲಿಯ ಹಾಡು ಹೋಗುತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ಓಣಿಯ ಬಾಯಿಗೆ ನಿಂತ ಜೀಪಿನಿಂದ ಅವಳ ದನಿ ಗಟ್ಟಿಯಾಗಿ ಬಂತು. ಒಳಗೆ ಕೂತಿದ್ದ ಹೆಂಗಸರು ತೊಡೆ ತಟ್ಟಿ ನಗುತ್ತಿದ್ದರು. ಒಬ್ಬ ಮುದುಕಿ "ಮತ್ತೊಮ್ಮೆ ಹಚ್ಚಪ್ಪಾ" ಎಂದು ಚಾಲಕನ ಬೆನ್ನು ತಿವಿಯುತ್ತಿದ್ದಳು. ನನಗೆ ಏನನ್ನಿಸಿತೆಂದು ಸುಳ್ಳು ಹೇಳುವುದಿಲ್ಲ. ಹೆಮ್ಮೆ ಅನ್ನಿಸಿತು, ನಾನೇ ಕಟ್ಟಿ ಹಾಡಿದವಳ ಹಾಗೆ.

ಹೆಮ್ಮೆ ಬಹಳ ದಿನ ಬಾಳಲಿಲ್ಲ. ದಸರೆಗೆ ವಾರವಿದ್ದಾಗ ಆ ಸೊಸೆ ಅಂಗಡಿಗೆ ಬಂದಳು. ಫೋನು ರಿಪೇರಿಗಲ್ಲ. ಕೂಸನ್ನು ಗಲ್ಲೆಯ ಮೇಲೆ ಕೂಡಿಸಿ, ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ನನ್ನ ಹಾಡು ಜೀಪಿನ್ಯಾಗ ಹಾಡಲಕತ್ತದರಿ. ಹ್ಯಾಂಗ ಹೋತ್ರಿ ಅದು?"

ನಾನು ಕೂಸಿನ ಕಡೆ ತಿರುಗಿದೆ. ಅವಳೇ ಮುಂದುವರಿಸಿದಳು. ಅವಳ ಮೈದುನ ಜಹೀರಾಬಾದಿನಲ್ಲಿ ಆಟೋ ಓಡಿಸುತ್ತಾನೆ. ಹಬ್ಬಕ್ಕೆ ಆಟೋದಲ್ಲೇ ಊರಿಗೆ ಬರುತ್ತಾನೆ, ಹಾಡು ಹಚ್ಚಿಕೊಂಡು. ಅತ್ತೆಗೆ ಸೊಸೆಯ ದನಿ ಗುರುತು ಹತ್ತದೆ ಇರುತ್ತದೆಯೇ?

"ಕೂಸಿನ್ನ ಮಲಗಸಲಾಕ ಸುಮ್ಮ ಚಾಷ್ಟಿಗಿ ಹಾಡಿದ್ದು ನೋಡ್ರಿ. ಅತ್ತಿ ಕೆಟ್ಟಾಕಿ ಅಲ್ಲರಿ, ಮನಿ ಆಕಿನಿಂದೇ ನಿಂತದ. ಆದ್ರ ಊರಾಗ ಮಂದಿ ಮುಂದ ತನ್ನ ಹಾಡ್ಯಾಡಿದ್ರ ಯಾರು ತಡಕೊಂತಾರ? ತವರಿಗಿ ಹೋಗಂದ್ರ ನಾ ಎಲ್ಲಿಗಿ ಹೋಗ್ಲಿ? ಅಲ್ಲಿ ಅವ್ವನೂ ಇಲ್ಲ, ಅಪ್ಪನೂ ಇಲ್ಲ, ಅಣ್ಣನ ಹೆಂಡತಿ, ವೈನಿ ರಾಜ್ಯ ಅದ."

ಆಗ ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ.

"ವೈರಸ್ ಇರಬೇಕವ್ವಾ," ಅಂದೆ. "ಈಗ ಎಲ್ಲ ಕಡೆ ಅದೇ ಆಗ್ಯಾದ. ಒಂದರಾಗಿಂದು ಒಂದರಾಗ ಜಿಗೀತದ."

ಆ ದಿನಗಳಲ್ಲಿ ಕಾರ್ಡುಗಳಿಗೆ ವೈರಸ್ ಹತ್ತಿ ಫೋಲ್ಡರುಗಳು ಮಾಯವಾಗುವುದು ಎಲ್ಲರಿಗೂ ಗೊತ್ತಿದ್ದ ವಿಷಯ, ಅದಕ್ಕೇ ಅದು ಸುಲಭವಾಗಿ ಬಾಯಿಗೆ ಬಂತು. ತಮ್ಮ ಬೆಸುಗೆಯ ಕಡ್ಡಿ ಹಿಡಿದವನು ಹಾಗೇ ತಲೆಯೆತ್ತಿ ನನ್ನ ಮುಖ ನೋಡಿದ. ಅವಳೂ ನೋಡಿದಳು. "ಹೌದೇನ್ರಿ," ಎಂದಷ್ಟೇ ಅಂದು ಕೂಸನ್ನೆತ್ತಿಕೊಂಡಳು.

ಅವಳು ಹೋದ ಕೂಡಲೇ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಹಾಡಿನ ಫೋಲ್ಡರಿನಿಂದ ಅದನ್ನು ತೆಗೆದೆ. ಅವಳ ಕಾರ್ಡಿನಿಂದ ಇಳಿಸಿಕೊಂಡಿದ್ದ ಮೂಲ ಪ್ರತಿಯನ್ನೂ ತೆಗೆದೆ. ಕಸದ ಬುಟ್ಟಿಯ ಗುರುತಿನೊಳಗೆ ಹೋಗಿ ಅಲ್ಲಿಂದಲೂ ತೆಗೆದೆ. ತಮ್ಮ ಅಷ್ಟನ್ನೂ ಬೆನ್ನ ಹಿಂದಿನಿಂದ ನೋಡಿದ್ದಾನೆ.

"ವೈರಸ್ಸಿನ ಕೈ ಬಲು ಚುರುಕು ಬಿಡಕ್ಕಾ," ಅಂದ.

ಅವನ ಆ ಮಾತಿಗೆ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ನಿರ್ಧರಿಸಿದೆ, ಹಬ್ಬದೊಳಗೆ ಹಾಡನ್ನು ಹಿಡಿದು ತರುತ್ತೇನೆಂದು. ಕೇಳಿದರೆ ಹುಚ್ಚುತನ ಅನ್ನಿಸೀತು. ಆದರೆ ಅಂದು ನನಗೆ ಹಾಡೆಂದರೆ ಕಳೆದುಹೋದ ಫೋನಿನಂಥದೇ ಒಂದು ವಸ್ತು. ಯಾರ ಕೈಗೆ ಹೋಯಿತೆಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರೆ ಸಿಗಲೇಬೇಕು.

ಮರುದಿನ ಬೆಳಿಗ್ಗೆ ಜೀಪು ಹತ್ತಿ ಜಹೀರಾಬಾದಿಗೆ ಹೋದೆ. ಅಲ್ಲಿ ಒಬ್ಬ ವಯಸ್ಸಾದ ಚಾಚಾರ ಅಂಗಡಿ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು ಈಗ ಮೊಬೈಲಿಗೆ ಬಂದಿದ್ದರು. ಆಟೋದವರೆಲ್ಲ ಹಾಡು ತುಂಬಿಸುವುದು ಅವರಲ್ಲಿಯೇ. ಅವರ ಭದ್ರತೆಯ ರೀತಿ ನೋಡಿ ನಾನು ದಂಗಾದೆ. ಹಿಂದೊಮ್ಮೆ ಕಳುವಿನ ಫೋನು ಕೊಂಡು ಠಾಣೆ ಮೆಟ್ಟಿಲು ಹತ್ತಿದ್ದವರು ಅವರು. ಅಂದಿನಿಂದ ಅಂಗಡಿಯೊಳಗೆ ಏನು ಬಂದರೂ, ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಚೋಪಡಿಯಲ್ಲಿ ಬರೆಯುತ್ತಿದ್ದರು. ಫೋನು, ಬ್ಯಾಟರಿ, ಚಾರ್ಜರ್ ಇರಲಿ, ಹಾಡುಗಳನ್ನೂ ಬಿಡುತ್ತಿರಲಿಲ್ಲ.

"ಚೂಹೆವಾಲಾ ಗಾನಾ, ಇಲಿ ಹಾಡೇನವ್ವಾ? ಅದರಿ ಅದರಿ," ಎಂದು ಕನ್ನಡಕ ಏರಿಸಿ ಪುಟ ತಿರುವಿದರು. ಹಾಡು ನಮ್ಮ ನಾರಾಯಣಖೇಡದ ಒಬ್ಬ ಜೀಪಿನವನಿಂದ ಬಂದಿದೆ ಎಂಬುದು ಅಲ್ಲಿತ್ತು. ತಾಂಡೂರಿನ ಅಂಗಡಿಯವನೊಬ್ಬ ಒಯ್ದಿದ್ದಾನೆ ಎಂಬುದೂ ಇತ್ತು. ಆ ಜೀಪಿನವನ ಕಾರ್ಡಿಗೆ ಅದನ್ನು ತುಂಬಿದವಳು ನಾನೇ. ಅದನ್ನು ಹೇಳಲಿಲ್ಲ.

ಚಾಚಾ ಕನ್ನಡಕದ ಮೇಲಿಂದ ನೋಡಿದರು. "ಬೇಟಿ, ನೀ ಹುಡಕೋದು ಕಳ್ಳನ್ನೋ, ಮಾಲನ್ನೋ?"

"ಮಾಲು ಸಿಕ್ರ ಸಾಕು ಚಾಚಾ."

"ಹಾಂ. ಖಾಲಿ ಮಾಲು ಹುಡಕೋರಿಗಿ ಕಳ್ಳ ಯಾರಂತ ಗೊತ್ತಿರ್ತದ," ಅಂದರು. ಹೆಚ್ಚು ಕೆದಕಲಿಲ್ಲ. ನನ್ನೆದುರೇ ಹಾಡನ್ನು ತಮ್ಮ ಕಂಪ್ಯೂಟರಿನಿಂದ ತೆಗೆದರು, ಚೋಪಡಿಯಲ್ಲಿ ಅದಕ್ಕೊಂದು ಅಡ್ಡಗೆರೆಯನ್ನೂ ಎಳೆದರು. ಚಹಾ ತರಿಸಿ ಕುಡಿಸಿದರು.

ಎರಡು ಜೀಪು ಬದಲಿಸಿ ತಾಂಡೂರಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ದಾರಿಯ ಎರಡೂ ಕಡೆ ತೊಗರಿ ಎದೆಯುದ್ದ ನಿಂತಿತ್ತು, ಊರು ಹತ್ತಿರವಾದಂತೆ ಚಪ್ಪಡಿ ಕಲ್ಲಿನ ರಾಶಿಗಳು. ಅಂಗಡಿಯವನು ನನ್ನ ತಮ್ಮನ ವಯಸ್ಸಿನವನು. ಬಾಗಿಲ ಮೇಲೆ ಒಂದು ಕ್ಯಾಮೆರಾ ಕೂತು ನನ್ನನ್ನೇ ನೋಡುತ್ತಿತ್ತು. ಅದರ ವೈರು ಎಲ್ಲಿ ಹೋಗುತ್ತದೆಂದು ಕುತೂಹಲದಿಂದ ಕಣ್ಣಲ್ಲೇ ಹಿಂಬಾಲಿಸಿದೆ. ಗೋಡೆಯ ಮೇಲೆ ಮೊಳದುದ್ದ ಹೋಗಿ ಮೊಳೆಗೆ ಸುತ್ತಿಕೊಂಡು ನಿಂತಿತ್ತು.

"ಅದು ಚಾಲೂ ಇಲ್ಲರಿ ಅಕ್ಕಾ," ಎಂದು ನಕ್ಕ. "ಕಳ್ಳರಿಗಿ ಗೊತ್ತಾಗಲ್ಲ, ನಿಮಗ ಹ್ಯಾಂಗ ಗೊತ್ತಾತು?"

ಇಲಿಯ ಹಾಡು ಅಂದ ಕೂಡಲೇ ಅವನ ಮುಖ ಅರಳಿತು. ಅದನ್ನು ಅವನು ಇಂಟರ್‌ನೆಟ್ಟಿಗೆ ಹಾಕಿದ್ದ. ಚಿತ್ರ ಬೇಕಲ್ಲ ಎಂದು ಒಂದು ಜೋಳದ ಹೊಲದ ಫೋಟೋ ಅಂಟಿಸಿದ್ದ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಹಾಡಿನ ಕೆಳಗೆ ಮಂದಿ ಬರೆದಿದ್ದರು. ದುಬೈಯಲ್ಲಿ ಕೂಲಿಗಿದ್ದವನೊಬ್ಬ, ಅವ್ವನ ನೆನಪಾಗಿ ಅನ್ನ ಉಣ್ಣಲಿಲ್ಲ ಎಂದು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಬರೆದಿದ್ದ. ಇನ್ನೊಬ್ಬಳು, ಹಾಡಿದಾಕಿ ಯಾರು, ಕಾಲಿಗೆ ಬೀಳ್ತೀನಿ ಎಂದಿದ್ದಳು. ಓದುತ್ತ ನನ್ನ ಮನಸ್ಸು ಎರಡಾಯಿತು. ಇದನ್ನು ತೆಗೆಸಬೇಕೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದೆ. ಆಮೇಲೆ ಅವಳ "ಎಲ್ಲಿಗಿ ಹೋಗ್ಲಿ" ನೆನಪಾಯಿತು.

"ತಗದುಬಿಡಪ್ಪಾ. ಹಾಡಿದಾಕಿಗಿ ಮನ್ಯಾಗ ತ್ರಾಸ ಆಗ್ತದ."

ಅವನು ಪಾಪ, ವಾದ ಮಾಡಲಿಲ್ಲ. ಆದರೆ ತೆಗೆಯಲು ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಅವನಿಗೆ ಮರೆತಿತ್ತು. ತನ್ನ ಹೆಸರು ಹೊಡೆದ, ಹೆಂಡತಿಯ ಹೆಸರು ಹೊಡೆದ, ಬೈಕಿನ ನಂಬರು ಹೊಡೆದ. ಬೇರೆ ದಾರಿಯಲ್ಲಿ ಹೋಗೋಣವೆಂದರೆ, ಖಾತೆ ತೆರೆದಾಗ ಕೊಟ್ಟಿದ್ದ ಸಿಮ್ಮನ್ನು ಅವನು ಎಂದೋ ಎಸೆದಿದ್ದ. ತನ್ನ ಮನೆಗೆ ತಾನೇ ಬೀಗ ಹಾಕಿ ಕೀಲಿ ಬಾವಿಗೆ ಒಗೆದವನ ಸ್ಥಿತಿ. ಒಂದೂವರೆ ತಾಸು ಹೀಗೇ ಕಳೆಯಿತು. ಕೊನೆಗೆ ಅವನ ಹೆಂಡತಿ ಬುತ್ತಿ ತಂದವಳು, ಗೋಡೆಯ ಕ್ಯಾಲೆಂಡರನ್ನು ಎರಡು ತಿಂಗಳು ಹಿಂದಕ್ಕೆ ಮಗುಚಿ, ಹಾಲಿನ ಗುರುತುಗಳ ನಡುವೆ ಬರೆದಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅದೇ ಪಾಸ್‌ವರ್ಡ್. ಹಾಡು ಹೋಯಿತು.

ಹೊರಡುವಾಗ ಅವನು ಅಂದ, "ಇಲ್ಲಿಂದ ಹೋತು ಅಕ್ಕಾ. ಮಂದಿ ಜೇಬಿನ್ಯಾಗಿಂದು ಏನ್ ಮಾಡ್ತೀರಿ? ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು."

ಮರಳಿ ಬರುವ ಜೀಪಿನಲ್ಲಿ ನನ್ನ ಪಕ್ಕದ ಸೀಟಿನ ಹೆಂಗಸಿನ ಮಡಿಲೊಳಗಿಂದ ಇಲಿಗ್ಯಾರು ಕೀಲಿ ಕೊಟ್ಟಾರ ಎಂದು ಫೋನು ಬಡಿದುಕೊಂಡಿತು. ಆ ಹಾಡನ್ನು ಅವಳು ರಿಂಗ್‌ಟೋನ್ ಮಾಡಿಕೊಂಡಿದ್ದಳು. ಜೀಪಿನಲ್ಲಿದ್ದ ಮಂದಿಯ ಜೇಬು, ಮಡಿಲುಗಳನ್ನೆಲ್ಲ ನಾನು ಒಂದೊಂದಾಗಿ ನೋಡುತ್ತ ಬಂದೆ. ಯಾರ ಮೇಲೂ ಕೈ ಹಾಕುವ ಹಾಗಿರಲಿಲ್ಲ.

ದಸರೆ ಕಳೆದು ಹತ್ತು ದಿನಕ್ಕೆ ಅವಳು ಸಂತೆಗೆ ಬಂದವಳು ಓಣಿಯಲ್ಲಿ ಸಿಕ್ಕಳು. ನಾನೇ ಓಡಿಹೋಗಿ ಕೇಳಿದೆ. ಮೈದುನ ಬಂದಿದ್ದ, ಆಟೋ ಹಾಡಿತ್ತು, ಅತ್ತೆ ಕೇಳಿದ್ದಳು. ಇನ್ನೊಮ್ಮೆ ಹಚ್ಚು ಎಂದು ಪೂರ್ತಿ ಕೇಳಿದಳಂತೆ. ಅಂಗಳದ ತುಂಬ ಮಂದಿ. ಅತ್ತೆ ಟೊಂಕದ ಕೀಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎಳೆದು ಸಿಕ್ಕಿಸಿಕೊಂಡು, "ಹಾಡಿದಾಕಿ ಯಾರರ ಇರಲಿ. ಕೀಲಿ ಕಟಗೊಳ್ಳದ ಅತ್ತಿ ಮನಿ ಯಾವುದರ ಉಳದದೇನು?" ಅಂದಳಂತೆ. ನಾನು ಆ ಮುದುಕಿಯನ್ನು ನೋಡದೆಯೂ ಮೆಚ್ಚಿದೆ.

"ಬೈಲಿಲ್ಲೇನು? ಕಳಸ್ಲಿಲ್ಲಲ್ಲ?"

"ಕಳಸ್ಲಿಲ್ಲರಿ. ಬೈದಿದ್ರ ಛಲೋ ಇತ್ತು. ನನ ಜೋಡಿ ಮಾತಽ ಬಿಟ್ಟಾಳ. ಏನರ ಹೇಳಾದಿದ್ರ ಕೂಸಿಗಿ ಹೇಳ್ತಾಳ, ನಿಮ್ಮವ್ವಗ ನೀರು ತರಾಕ ಹೇಳು ಅಂತ."

ಹೇಳಿ ನಕ್ಕಳು. ನಾನೂ ನಕ್ಕೆ. ತವರಿಗೆ ಅಟ್ಟಲಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಅಂದು ಜೋರಾಗಿಯೇ ನಕ್ಕೆನೆಂದು ಕಾಣುತ್ತದೆ. ಸತ್ಯ ಹೇಳುವ ಎರಡನೆಯ ಅವಕಾಶವೂ ಹಾಗೇ ಹೋಯಿತು.

ಆಮೇಲೆ ನಮ್ಮ ಅಂಗಡಿಯ ರೀತಿ ಬದಲಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ. ಕಾರ್ಡು, ಸಿಮ್ಮು ಎರಡನ್ನೂ ಬಿಚ್ಚಿ ಗಿರಾಕಿಯ ಕೈಗೇ ಕೊಟ್ಟು, ಸೆರಗಿಗೆ ಗಂಟು ಹಾಕಿಕೊಂಡ ಮೇಲೆಯೇ ಫೋನು ತೆಗೆದುಕೊಳ್ಳುವುದು. ಹಾಡಿಗೆ ಒಂದು ಕಂಪ್ಯೂಟರು, ಕೆಲಸಕ್ಕೆ ಬೇರೊಂದು. ಹಳೆಯದರ ಡಿಸ್ಕನ್ನು ತಮ್ಮ ಪೂರ್ತಿ ತೊಳೆದು ಹೊಸದಾಗಿ ತುಂಬಿದ. ಪಾಸ್‌ವರ್ಡ್ ಅವನೇ ಇಟ್ಟ, ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪ್ರತ್ಯೇಕ ರಾಜ್ಯ ಬಂದ ವರ್ಷ ಅವಳು ಮತ್ತೆ ಅಂಗಡಿಗೆ ಬಂದಳು. ಜೊತೆಗೆ ಮಗಳು, ಈಗ ಮೂರು ದಾಟಿದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಫೋನಿನ ಚಾರ್ಜಿಂಗ್ ಕೆಟ್ಟಿತ್ತು. ಕಾರ್ಡನ್ನು ಅವಳೇ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ತಮ್ಮ ಫೋನು ಬಿಚ್ಚಿ ಮುಚ್ಚುವವರೆಗೂ ಸ್ಟೂಲಿನ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಆ ಮುಷ್ಟಿಯನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ.

"ಅವ್ವಾ, ಆ ಹಾಡು ವೈರಸ್ಸಿನಿಂದ ಹೋಗಿರ್ಲಿಲ್ಲ. ನಾನೇ ಹಾಕಿದ್ದೆ," ಅಂದೆ.

"ಗೊತ್ತದರಿ ಅಕ್ಕಾ," ಅಂದಳು, ತಿರುಗಿ ಕೂಡ ನೋಡದೆ. "ನನ್ನ ಹಾಡಿನ ಕಡೀಗಿ ಈಕಿ ಅಳತಾಳ. ಹಾಡು ಮುಗಿಯೂ ಮುಂದ ಎದ್ದು ಚಿಟ್ಟನೆ ಚೀರ್ಯಾಳ, ನಾ ನಕ್ಕೋತ ಎತಗೊಂಡೀನಿ. ಅದೆಲ್ಲ ಅದರಾಗ ಬಂದಿತ್ತು. ಜೀಪಿನ್ಯಾಗಿನ ಹಾಡಿನ್ಯಾಗ ಅದಿಲ್ಲರಿ. ವೈರಸ್ಸಿಗಿ ಕೂಸಿನ ಅಳು ಬ್ಯಾಸರ ಆಗ್ತದೇನ್ರಿ?"

ಆಗ ನನಗೆ ನೆನಪಾಯಿತು. ನಾನೇ ಮರೆತಿದ್ದೆ. ರಿಂಗ್‌ಟೋನ್ ಕತ್ತರಿಸುವ ಆಟ ಹೊಸದಾಗಿ ಕಲಿತಿದ್ದ ದಿನಗಳು ಅವು. ಹಾಡಿನ ಕೊನೆಯಲ್ಲಿ ಏನೋ ಗಲಾಟೆ ಇತ್ತೆಂದು ಕತ್ತರಿಸಿ, ಅಂಚು ನೀಟಾಗಿಸಿ ಫೋಲ್ಡರಿಗೆ ಹಾಕಿದ್ದೆ. ಅಂದರೆ ವೈರಸ್ ಎಂದು ನಾನು ಸುಳ್ಳು ಹೇಳಿದ ದಿನವೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ "ಹೌದೇನ್ರಿ" ಅಂದಿದ್ದಳು.

"ಹಾಡಿಂದು ಬಿಡ್ರಿ, ಆಗಿದ್ದು ಆತು," ಅಂದಳು. "ನಾ ಅಂದಿನಿಂದ ಹಾಡಾದಽ ಬಿಟ್ಟೀನಿ. ನಾ ಬಂದಿದ್ದು ಬ್ಯಾರೆ ಕೆಲಸಕ್ಕ. ಹಬ್ಬದ ಹೆದರಿಕಿಗಿ ನನ್ನ ಫೋನಿನ್ಯಾಗಿಂದು ನಾನೇ ಡಿಲೀಟ್ ಮಾಡಿಬಿಟ್ಟೆ. ನೀವು ಪೂರಾದು ಇಳಿಸಿಕೊಂಡಿದ್ರಲ್ಲ, ಅದು ನಿಮ್ಮ ಕಂಪ್ಯೂಟರಿನ್ಯಾಗ ಇರಬೇಕಲ್ಲರಿ? ಅದು ಬೇಕಿತ್ತು."

ತಮ್ಮನ ಕೈ ನಿಂತಿತು. ಯಾಕೆ ಬೇಕೆಂದು ಅವಳೇ ವಿವರಿಸಿದಳು.

"ಈಕಿಗಿ ಹೇಳೀನಿ, ಆ ಹಾಡಿನ ಕಡೀಗಿ ನೀ ಅದಿ ಅಂತ. ಎಲ್ಲೇ ಹಾಡು ಬರಲಿ, ಈಕಿ ಮಾತು ನಿಂದರಿಸಿ ಕೇಳ್ತಾಳ. ಹಾಡು ಮುಗದ ಮ್ಯಾಲೂ ಕಿವಿ ಹಚ್ಚಿ ಕುಂದರ್ತಾಳರಿ, ತನ್ನ ಪಾಳಿ ಬರ್ತದ ಅಂತ."

ತಮ್ಮ ಅವಳ ಕಾರ್ಡನ್ನು ಕೇಳಿ ಪಡೆದ. ಅವಳು ಕೊಟ್ಟಳು, ಕೊಟ್ಟು ಎದ್ದು ನಿಂತಳು. ಅಳಿಸಿಹೋದದ್ದನ್ನು ಹೊರತೆಗೆಯಲು ಅವನಿಗೆ ಗೊತ್ತಿದ್ದ ಎಲ್ಲ ಉಪಾಯಗಳನ್ನೂ ಮಾಡಿದ. ಮೂರು ವರ್ಷದಲ್ಲಿ ಅದರ ಮೇಲೆ ಎಷ್ಟೋ ಬಂದು ಕೂತಿತ್ತು. ನಮ್ಮ ಹಳೆಯ ಡಿಸ್ಕನ್ನು ತೊಳೆದವನು ಅವನೇ; ಅದರಲ್ಲಿ ಹುಡುಕಲು ಏನೂ ಉಳಿದಿರಲಿಲ್ಲ. ಆದರೂ ಹುಡುಕಿದ. ನಾನು ಅವಳೆದುರು ಕೂತು, ಅಂದು ಅವಳು ಹೊಸ್ತಿಲು ದಾಟಿದ ಮರುಗಳಿಗೆ ನಾನು ಏನು ಮಾಡಿದೆನೆಂದು ಪೂರ್ತಿ ಹೇಳಿದೆ.

ಅವಳು ಒಂದು ಮಾತೂ ಬೈಯಲಿಲ್ಲ. ಕಾರ್ಡನ್ನು ಮರಳಿ ಪಡೆದು ಫೋನಿಗೆ ಸಿಕ್ಕಿಸಿ, "ಇಲ್ಲಂತವ್ವಾ, ಇಲ್ಲಿಲ್ಲಂತ," ಎಂದು ಮಗಳಿಗೆ ಹೇಳಿದಳು.

"ಮತ್ತ ಎಲ್ಲದ?" ಅಂದಳು ಹುಡುಗಿ, ಅವ್ವನನ್ನಲ್ಲ, ಎಲ್ಲ ತಿಳಿದ ಅಂಗಡಿಯವಳೆಂದು ನನ್ನನ್ನು.

ನಾನು ಗಲ್ಲೆಯ ಈಚೆ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. "ನಾ ಕತ್ತರಿಸಿ ಒಗದೀನವ್ವಾ," ಅಂದೆ.

"ಯಾಕ?"

"ಹಾಡು ಚಂದ ಆಗ್ಲಿ ಅಂತ," ಅಂದೆ. ಬೇರೆ ಕಾರಣ ನನ್ನಲ್ಲಿರಲಿಲ್ಲ.